ಓದುಗರ ಪ್ರಶ್ನೆ: ಗಣಿ ಮುಚ್ಚಿತು, ಕ್ಲಬ್ ಉಳಿಯಿತು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿರುವ ಮಿಲಮ್ ಎಂಬ ಸಣ್ಣ ಊರಿನ ರಗ್ಬಿ ಲೀಗ್ ಕ್ಲಬ್ ಬಗ್ಗೆ ಒಂದು ಪುಟದ ಟಿಪ್ಪಣಿ ಹಾಕಿದ್ದೆವು. 1873ರಲ್ಲಿ ಹುಟ್ಟಿದ ಈ ಕ್ಲಬ್ ತಾನೇ ಜಗತ್ತಿನ ಅತಿ ಹಳೆಯ ಹವ್ಯಾಸಿ ರಗ್ಬಿ ಲೀಗ್ ಕ್ಲಬ್ ಎಂದು ಹೇಳಿಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಮೈಸೂರಿನಿಂದ: ರಗ್ಬಿ ಅಂದರೆ ಒಂದೇ ಆಟ ಅಂದುಕೊಂಡಿದ್ದೆ. ‘ಲೀಗ್’ ಅನ್ನುವುದು ಟೂರ್ನಿಯ ಹೆಸರಲ್ಲವೇ?

ಅಲ್ಲ, ಅದು ಆಟದ್ದೇ ಹೆಸರು. ರಗ್ಬಿ ಯೂನಿಯನ್ ಒಂದು ಆಟ, ರಗ್ಬಿ ಲೀಗ್ ಇನ್ನೊಂದು. ಒಂದೇ ಮನೆಯಲ್ಲಿ ಹುಟ್ಟಿ ಪಾಲಾದ ಅಣ್ಣತಮ್ಮಂದಿರು ಎನ್ನಿ. ಪಾಲಾಗಿದ್ದು ದುಡ್ಡಿನ ವಿಷಯಕ್ಕೆ. ಯಾರ್ಕ್‌ಷೈರ್, ಲ್ಯಾಂಕಷೈರ್ ಕಡೆಯ ಆಟಗಾರರು ಗಣಿ, ಗಿರಣಿ, ಕುಲುಮೆಗಳಲ್ಲಿ ದುಡಿಯುವವರು. ಶನಿವಾರವೂ ಅರ್ಧ ದಿನ ಕೆಲಸವಿರುತ್ತಿತ್ತು. ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಯಿತು. ಹೋದ ಕೂಲಿಯನ್ನು ಕ್ಲಬ್ ತುಂಬಿಕೊಡಲಿ ಎಂದು ಉತ್ತರದ ಕ್ಲಬ್‌ಗಳು ಕೇಳಿದವು. ಆಗ ಆಟವನ್ನು ನಡೆಸುತ್ತಿದ್ದ ಲಂಡನ್ನಿನ ರಗ್ಬಿ ಯೂನಿಯನ್ ಸಂಸ್ಥೆ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಉತ್ತರದವರು ಬೇರೆಯಾದರು. ಮೊದಲ ಋತುವಿನಲ್ಲಿ 22 ಕ್ಲಬ್‌ಗಳು ಆಡಿದವು. ‘ನಾರ್ದರ್ನ್ ಯೂನಿಯನ್’ ಎಂದು ಹೆಸರಿಟ್ಟುಕೊಂಡ ಈ ಕೂಟ 1922ರಲ್ಲಿ ‘ರಗ್ಬಿ ಫುಟ್‌ಬಾಲ್ ಲೀಗ್’ ಆಯಿತು. ಆಟಕ್ಕೂ ಅದೇ ಹೆಸರು ಅಂಟಿಕೊಂಡಿತು.

ನೋಡುವವರಿಗೆ ತಕ್ಷಣ ಕಾಣುವ ವ್ಯತ್ಯಾಸಗಳು ಎರಡು. ಲೀಗ್‌ನಲ್ಲಿ ತಂಡಕ್ಕೆ 13 ಜನ, ಯೂನಿಯನ್‌ನಲ್ಲಿ 15. ಇನ್ನೊಂದು, ಚೆಂಡು ಹಿಡಿದವನನ್ನು ಕೆಡವಿದ ಮೇಲೆ ಏನಾಗುತ್ತದೆ ಎಂಬುದು. ಲೀಗ್‌ನಲ್ಲಿ ಬಿದ್ದವನನ್ನು ಬಿಟ್ಟುಬಿಡಬೇಕು. ಅವನು ಎದ್ದು ನಿಂತು, ಚೆಂಡನ್ನು ತನ್ನ ಪಾದದ ಮುಂದೆ ನೆಲಕ್ಕಿಟ್ಟು, ಅಂಗಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಹಿಂದೆ ನಿಂತ ಜೊತೆಗಾರ ಎತ್ತಿಕೊಂಡು ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ ಕೆಡವಿಸಿಕೊಳ್ಳುವಷ್ಟರಲ್ಲಿ ಅಂಕ ಬರದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೆಯದು ಆದ ಕೂಡಲೇ ಸಾಮಾನ್ಯವಾಗಿ ಚೆಂಡನ್ನು ದೂರ ಒದೆಯುತ್ತಾರೆ. ಇಷ್ಟು ತಿಳಿದರೆ ಮುಂದಿನ ಉತ್ತರಗಳು ಅರ್ಥವಾಗುತ್ತವೆ.

ಶಿವಮೊಗ್ಗದಿಂದ: ಆಟವೇ 1895ರಲ್ಲಿ ಹುಟ್ಟಿದ್ದಾದರೆ 1873ರ ಕ್ಲಬ್ ‘ಅತಿ ಹಳೆಯ ರಗ್ಬಿ ಲೀಗ್ ಕ್ಲಬ್’ ಆಗುವುದು ಹೇಗೆ? ಲೆಕ್ಕ ತಪ್ಪಿದೆಯೇ?

ಲೆಕ್ಕ ತಪ್ಪಿಲ್ಲ, ಆದರೆ ಆ ಹೆಗ್ಗಳಿಕೆಯೊಳಗೆ ಮೂರು ಬೇರೆ ಬೇರೆ ಕಾಲಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು.

ಮಿಲಮ್ ಹುಟ್ಟಿದ್ದು ರಗ್ಬಿ ಕ್ಲಬ್ ಆಗಿ. ಆಗ ರಗ್ಬಿ ಒಂದೇ ಇತ್ತು. ಒಡಕಿನ ನಂತರ ಅದು ನಾರ್ದರ್ನ್ ಯೂನಿಯನ್ ಕಡೆ ಬಂತು. 1902ರಲ್ಲಿ ಎರಡನೇ ಡಿವಿಷನ್ ಶುರುವಾದಾಗ ಲೀಡ್ಸ್, ಯಾರ್ಕ್, ಬ್ಯಾರೋ, ಕೀತ್ಲಿಗಳಂಥ ತಂಡಗಳ ಸಾಲಿನಲ್ಲಿ ಮಿಲಮ್ ಕೂಡ ಇತ್ತು. ಅಂದರೆ ಒಂದಷ್ಟು ಕಾಲ ಅದು ದೊಡ್ಡವರ ಜೊತೆ ಆಡಿದ ಕ್ಲಬ್. 1905-06ರ ಋತು ಮುಗಿದ ಮೇಲೆ ಅಲ್ಲಿಂದ ಹೊರಬಂತು. ಆಮೇಲಿನ ಬದುಕು ಹವ್ಯಾಸಿ ಆಟದಲ್ಲಿ. ‘1873ರಿಂದ ಹವ್ಯಾಸಿ ರಗ್ಬಿ ಲೀಗ್ ಆಡುತ್ತಿದೆ’ ಎಂದು ಬರೆದರೆ ತಪ್ಪು. ‘ಇಂದು ಹವ್ಯಾಸಿ ರಗ್ಬಿ ಲೀಗ್ ಆಡುತ್ತಿರುವ ಕ್ಲಬ್‌ಗಳಲ್ಲಿ ಬೇರು 1873ರ ತನಕ ಹೋಗುವ ಕ್ಲಬ್’ ಎಂದರೆ ಸರಿ. ಕ್ಲಬ್‌ನವರ ಮಾತಿನ ಅರ್ಥವೂ ಇದೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ತಂಡವನ್ನು 15ರಿಂದ 13ಕ್ಕೆ ಇಳಿಸಿದ್ದು, ಬಿದ್ದವನು ಎದ್ದು ಚೆಂಡು ಉರುಳಿಸುವ ಪದ್ಧತಿ ತಂದದ್ದು 1906ರಲ್ಲಿ. ಮಿಲಮ್ ಮೇಲಿನ ಹಂತದಿಂದ ಇಳಿದದ್ದೂ ಅದೇ ಬೇಸಿಗೆಯಲ್ಲಿ. ಹಾಗಾಗಿ ಆ ಹಂತದಲ್ಲಿ ಅದು ಆಡಿದ್ದೆಲ್ಲ 15 ಜನರ ಆಟವೇ. ಇಂದಿನ ಲೀಗ್ ಆಟಗಾರನನ್ನು ಆ ಪಂದ್ಯಕ್ಕೆ ಕರೆದೊಯ್ದರೆ ಯೂನಿಯನ್ ಪಂದ್ಯಕ್ಕೆ ಬಂದೆನೇ ಎಂದು ಕೇಳುತ್ತಿದ್ದ.

ಕೆಜಿಎಫ್‌ನಿಂದ: ನಮ್ಮಲ್ಲಿ 2001ರಲ್ಲಿ ಗಣಿ ಮುಚ್ಚಿದಾಗ ಅದರ ನೆರಳಲ್ಲಿದ್ದ ಎಷ್ಟೋ ವಿಷಯಗಳು ಮಂಕಾದವು. ಮಿಲಮ್ ಕೂಡ ಗಣಿಯ ಊರು ಎಂದು ಬರೆದಿದ್ದೀರಿ. ಅಲ್ಲಿ ಕ್ಲಬ್ ಹೇಗೆ ಉಳಿಯಿತು?

ಬಂದ ಪ್ರಶ್ನೆಗಳಲ್ಲಿ ನಮ್ಮನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದೇ.

ಮಿಲಮ್ ಇರುವುದು ಡಡನ್ ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ. ಊರಂಚಿನ ಹಾಡ್‌ಬ್ಯಾರೋದಲ್ಲಿ 1850ರ ದಶಕದಲ್ಲಿ ಒಳ್ಳೆಯ ದರ್ಜೆಯ ಕಬ್ಬಿಣದ ಅದಿರು ಸಿಕ್ಕಿತು. ಗಣಿಯ ಹಿಂದೆಯೇ ಕುಲುಮೆಗಳು ಬಂದವು, ಕೆಲಸಗಾರರ ಮನೆಸಾಲುಗಳು ಎದ್ದವು. ಹಳ್ಳಿ ಊರಾಯಿತು. ಸಮುದ್ರದ ನೀರು ಗಣಿಗೆ ನುಗ್ಗದಂತೆ 20ನೇ ಶತಮಾನದ ಮೊದಲ ವರ್ಷಗಳಲ್ಲಿ ದೊಡ್ಡ ಒಡ್ಡು ಕಟ್ಟಿದರು. 1968ರಲ್ಲಿ ಗಣಿಯೂ ಮುಚ್ಚಿತು, ಅದೇ ವರ್ಷ ಕಬ್ಬಿಣದ ಕಾರ್ಖಾನೆಯೂ ಮುಚ್ಚಿತು. ಈಗ ಒಡ್ಡಿನ ಒಳಗೆ ನೀರು ನಿಂತು ಹಕ್ಕಿಗಳ ತಾಣವಾಗಿದೆ. ಕ್ಲಬ್ ಮಾತ್ರ ಡೆವನ್‌ಷೈರ್ ರಸ್ತೆಯಲ್ಲಿ ಇಂದೂ ಆಡುತ್ತಿದೆ.

ಕೈಗಾರಿಕೆ ಹೋದ ಮೇಲೂ ಉಳಿದ ಇಂಥ ಕ್ಲಬ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಹೆಸರು. ಮಿಲಮ್ ಎನ್ನುವುದು ಊರಿನ ಹೆಸರು, ಕಂಪನಿಯದಲ್ಲ. ಕಂಪನಿ ಹೋದರೂ ಊರು ಇರುತ್ತದೆ. ಹಾಗೆಂದು ಕಾರ್ಖಾನೆ ಹೆಸರಿನ ಕ್ಲಬ್‌ಗಳೆಲ್ಲ ಅಳಿದವು ಎಂದಲ್ಲ. ಸೇಂಟ್ ಹೆಲೆನ್ಸ್‌ನ ಪಿಲ್ಕಿಂಗ್ಟನ್ ರೆಕ್ಸ್ ಗಾಜಿನ ಕಾರ್ಖಾನೆಯ ಹೆಸರು ಹೊತ್ತಿದೆ. ವಾರಿಂಗ್ಟನ್‌ನ ಕ್ರಾಸ್‌ಫೀಲ್ಡ್ಸ್ ಹೆಸರು ಸಾಬೂನು ಕಾರ್ಖಾನೆಯದು. ಲೀ ಎಂಬ ಊರಿನ ಲೀ ಮೈನರ್ಸ್ ರೇಂಜರ್ಸ್ ಹೆಸರಿನಲ್ಲಿ ಗಣಿಗಾರರು ಇನ್ನೂ ಇದ್ದಾರೆ, ಗಣಿಯಿಲ್ಲ. ಇಂಥ ಕ್ಲಬ್ ಉಳಿಯಬೇಕಾದರೆ ನೌಕರರಲ್ಲದ ಊರಿನ ಹುಡುಗರಿಗೂ ಬಾಗಿಲು ತೆರೆದಿರಬೇಕು. ನೌಕರರಿಗೆ ಮಾತ್ರ ಎಂಬ ನಿಯಮ ಹಿಡಿದು ಕೂತ ತಂಡ ಕಾರ್ಖಾನೆಯ ಬೀಗದ ಜೊತೆಗೇ ಮುಗಿಯುತ್ತದೆ.

ಅದಕ್ಕಿಂತ ಮುಖ್ಯ, ನೆಲ ಯಾರದು ಎಂಬುದು. ಕಲ್ಲಿದ್ದಲಿನ ಊರುಗಳಲ್ಲಿ ಇದರ ಹಿಂದೆ ಒಂದು ಕಾನೂನೇ ಇದೆ. 1920ರ ಗಣಿ ಉದ್ಯಮ ಕಾಯ್ದೆಯ ಪ್ರಕಾರ ಗಣಿ ಮಾಲೀಕರು ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ 1 ಪೆನ್ನಿಯನ್ನು ಗಣಿಗಾರರ ಕಲ್ಯಾಣ ನಿಧಿಗೆ ಕಟ್ಟಬೇಕಿತ್ತು. ಆಗಿನ ಲೆಕ್ಕದಲ್ಲಿ 240 ಪೆನ್ನಿಗೆ 1 ಪೌಂಡ್. ವರ್ಷಕ್ಕೆ 2,40,000 ಟನ್ ತೆಗೆಯುವ ಗಣಿಯಿದ್ದರೆ ನಿಧಿಗೆ 1,000 ಪೌಂಡ್ ಬಂತು. ಇದರಿಂದ ಸ್ನಾನಗೃಹ, ವಾಚನಾಲಯ, ಆಟದ ಮೈದಾನಗಳು ಆದವು. ಹೀಗಾದ ಎಷ್ಟೋ ಮೈದಾನಗಳು ಗಣಿ ಕಂಪನಿಯ ಆಸ್ತಿಯಾಗದೆ ಟ್ರಸ್ಟಿನ ಹೆಸರಿನಲ್ಲಿ ಉಳಿದವು. 1984-85ರ ದೊಡ್ಡ ಮುಷ್ಕರದ ನಂತರ ಗಣಿಗಳು ಸಾಲಾಗಿ ಮುಚ್ಚಿದಾಗ ಗಣಿಯ ಜಮೀನು ಮಾರಿಹೋದರೂ ಟ್ರಸ್ಟಿನ ಮೈದಾನವನ್ನು ಹಾಗೆ ಮಾರುವಂತಿರಲಿಲ್ಲ. ಮೈದಾನ ಉಳಿದಲ್ಲಿ ಆಟ ಉಳಿಯಿತು.

ಮತ್ತೊಂದು ಮಕ್ಕಳ ತಂಡಗಳು. ಹಿರಿಯರ ತಂಡ ಒಂದು ಋತು ಕಟ್ಟಲಾಗದೆ ಹೋದರೂ ಕೆಳಗೆ ಮಕ್ಕಳ ತಂಡಗಳಿದ್ದರೆ ನಾಲ್ಕಾರು ವರ್ಷದಲ್ಲಿ ಮತ್ತೆ ಹಿರಿಯರ ತಂಡ ಏಳುತ್ತದೆ. ಬರೀ ಹಿರಿಯರ ತಂಡ ಇಟ್ಟುಕೊಂಡ ಕ್ಲಬ್‌ಗೆ ಒಂದು ಪೀಳಿಗೆ ತಪ್ಪಿದರೆ ಅಲ್ಲಿಗೆ ಮುಗಿಯಿತು.

ನಿಮ್ಮ ಊರಿನ ಯಾವುದೇ ಆಟದ ಸಂಘದ ಬಗ್ಗೆ ಕಾಳಜಿ ಇದ್ದರೆ ಇವತ್ತೇ ಕೇಳಬೇಕಾದ ಪ್ರಶ್ನೆಗಳಿವು: ಮೈದಾನದ ಪಹಣಿ ಅಥವಾ ಖಾತೆ ಯಾರ ಹೆಸರಿನಲ್ಲಿದೆ? ಗುತ್ತಿಗೆಯಾದರೆ ಇನ್ನೆಷ್ಟು ವರ್ಷ? ಕಂಪನಿ ಮುಚ್ಚಿದರೆ ನೆಲ ವಾಪಸ್ ಹೋಗಬೇಕೆಂಬ ಷರತ್ತು ಪತ್ರದಲ್ಲಿದೆಯೇ? ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವೇ? ಅದಕ್ಕೆ ಕನಿಷ್ಠ 7 ಜನ ಸಾಕು. ಎಡವುವುದು ನೋಂದಣಿಯಲ್ಲಲ್ಲ, ಆಮೇಲೆ. ವರ್ಷವರ್ಷವೂ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸದೆ ಬಿಡುತ್ತಾರೆ. ಹತ್ತು ವರ್ಷದ ನಂತರ ನೆಲದ ತಕರಾರು ಎದ್ದಾಗ ಸಂಘದ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೂ ಇರುವುದಿಲ್ಲ.

ಹುಬ್ಬಳ್ಳಿಯಿಂದ: ದುಡ್ಡು ಬೇಕೆಂದೇ ಬೇರೆಯಾದ ಆಟದಲ್ಲಿ ‘ಹವ್ಯಾಸಿ’ ಕ್ಲಬ್ ಇರುವುದು ವಿರೋಧಾಭಾಸ ಅನ್ನಿಸುತ್ತದೆ.

ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ 1895ರಲ್ಲಿ ಕೇಳಿದ್ದು ಸಂಬಳವನ್ನಲ್ಲ. ತಪ್ಪಿದ ಕೂಲಿಗೆ ದಿನಕ್ಕೆ 6 ಶಿಲಿಂಗ್ ಮಿತಿಯ ಪರಿಹಾರ, ಅಷ್ಟೇ. 1898ರಲ್ಲಿ ಸಂಬಳ ಕೊಡಲು ಒಪ್ಪಿಗೆ ಸಿಕ್ಕಿತು, ಆದರೆ ಆಟಗಾರನಿಗೆ ಬೇರೆ ಕಾಯಂ ಕೆಲಸ ಇರಲೇಬೇಕೆಂಬ ಕಟ್ಟು ಹಾಕಿದರು. ವಾರದಲ್ಲಿ ಕೆಲಸಕ್ಕೆ ಹೋಗದವನು ಶನಿವಾರ ಆಡುವಂತಿರಲಿಲ್ಲ. ಆ ಕಟ್ಟು ಸಡಿಲವಾಗಿದ್ದು 1905ರಲ್ಲಿ. ದೊಡ್ಡ ಕ್ಲಬ್‌ಗಳು ದುಡ್ಡು ಕೊಟ್ಟವು. ಅವುಗಳ ಕೆಳಗೆ ಚರ್ಚು, ಗಣಿ, ಪಬ್ಬು, ಬೀದಿ ಎಂದು ನೂರಾರು ಸಣ್ಣ ತಂಡಗಳು ಏನೂ ತೆಗೆದುಕೊಳ್ಳದೆ ಆಡಿದವು. ಇಂಥ ಕ್ಲಬ್‌ಗಳಲ್ಲಿ ಆಟಗಾರನೇ ವಾರವಾರ ಕೈಯಿಂದ ಒಂದಿಷ್ಟು ಕಟ್ಟುತ್ತಾನೆ. ರೆಫ್ರಿಯ ಶುಲ್ಕ, ಜರ್ಸಿ ಒಗೆಸುವ ಖರ್ಚು, ಬಸ್ಸಿನ ಬಾಡಿಗೆ ಎಲ್ಲ ಅದರಿಂದ, ಲಾಟರಿ ಚೀಟಿಯಿಂದ, ಕ್ಲಬ್‌ಹೌಸಿನ ಬಾರ್‌ನಿಂದ.

ಅನ್ಯಾಯ ಇರುವುದು ಬೇರೆ ಕಡೆ. ಒಂದು ಕಾಸು ಮುಟ್ಟದೆ ಹಳ್ಳಿಯ ತಂಡಕ್ಕೆ ಲೀಗ್ ಆಡಿದವನನ್ನೂ ರಗ್ಬಿ ಯೂನಿಯನ್ ‘ವೃತ್ತಿಪರ’ ಎಂದೇ ಎಣಿಸಿ ಜೀವನಪೂರ್ತಿ ದೂರ ಇಟ್ಟಿತು. ಕೂಲಿಯ ಮನೆಯ ಹುಡುಗನಿಗೆ ಎರಡೂ ಆಟ ಆಡುವ ಆಸೆ ಇದ್ದರೂ ಒಂದನ್ನು ಬಿಡಬೇಕಿತ್ತು. ಈ ತಡೆ ಹವ್ಯಾಸಿಗಳ ಮಟ್ಟಿಗೆ ಬಿದ್ದದ್ದು 1987ರಲ್ಲಿ. ಪೂರ್ತಿ ಬಿದ್ದದ್ದು 1995ರ ಆಗಸ್ಟ್‌ನಲ್ಲಿ, ಯೂನಿಯನ್ ತಾನೇ ವೃತ್ತಿಪರವಾದಾಗ. ಆರು ಶಿಲಿಂಗಿನ ಜಗಳ ಮುಗಿಯಲು ಹೆಚ್ಚುಕಡಿಮೆ ಸರಿಯಾಗಿ ನೂರು ವರ್ಷ ಹಿಡಿಯಿತು.

ಹವ್ಯಾಸಿ ಲೀಗ್‌ಗೆ ಸ್ವಂತ ಮನೆ ಆದದ್ದು 1973ರಲ್ಲಿ. 1960ರ ದಶಕದಲ್ಲಿ ಸಣ್ಣ ತಂಡಗಳು ಒಂದೊಂದೇ ಮುಚ್ಚುತ್ತ ಬಂದು ಹಿರಿಯರ ತಂಡಗಳು ಸುಮಾರು 150ಕ್ಕೆ ಇಳಿದಿದ್ದವು. ದೊಡ್ಡ ಕ್ಲಬ್‌ಗಳ ಆಡಳಿತಕ್ಕೆ ಇವರ ಕಡೆ ನೋಡುವ ಪುರುಸೊತ್ತಿರಲಿಲ್ಲ. ಟಾಮ್ ಕೀವ್ನಿ, ಮಾರಿಸ್ ಓಲ್ಡ್‌ರಾಯ್ಡ್ ಮುಂತಾದವರು ಅದೇ ಹಡರ್ಸ್‌ಫೀಲ್ಡ್‌ನಲ್ಲಿ ಬ್ರಿಟಿಷ್ ಹವ್ಯಾಸಿ ರಗ್ಬಿ ಲೀಗ್ ಸಂಘ ಕಟ್ಟಿದರು. ಜನರ ಬಾಯಲ್ಲಿ ಅದು ‘ಬಾರ್ಲಾ’. ಮೊದಲು ಮೇಲಿನವರು ಮಾನ್ಯತೆ ಕೊಡಲಿಲ್ಲ, ಆಮೇಲೆ ಕೊಟ್ಟರು. 1978ರಲ್ಲಿ ಬಾರ್ಲಾದ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಪ್ರವಾಸ ಹೋಗಿಬಂತು. 1986ರಲ್ಲಿ 10 ಕ್ಲಬ್‌ಗಳ ರಾಷ್ಟ್ರಮಟ್ಟದ ಹವ್ಯಾಸಿ ಲೀಗ್ ಶುರುವಾಯಿತು. 1993ರಿಂದ ಅದರ ಹೆಸರು ನ್ಯಾಷನಲ್ ಕಾನ್ಫರೆನ್ಸ್ ಲೀಗ್.

ವಿಗನ್‌ನಿಂದ: ನಾವು ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬ. ಮಗನನ್ನು ಸೇಂಟ್ ಪ್ಯಾಟ್ರಿಕ್ಸ್ ಕ್ಲಬ್‌ಗೆ ಸೇರಿಸಿ ಎಂದು ನೆರೆಯವರು ಹೇಳುತ್ತಾರೆ. ಅದರ ಹಿನ್ನೆಲೆ ಏನು? ಪೆಟ್ಟಿನ ಭಯವೂ ಇದೆ.

ಸೇಂಟ್ ಪ್ಯಾಟ್ರಿಕ್ಸ್ 1910ರಲ್ಲಿ ಶುರುವಾದ ಕ್ಲಬ್. ಮಿಲಮ್ ಗಣಿಯ ಊರಿನ ಕ್ಲಬ್ ಆದರೆ ಇದು ಚರ್ಚಿನ ಕೇರಿಯ ಕ್ಲಬ್. ಐರ್ಲೆಂಡಿನಿಂದ ಬಂದು ಗಣಿ ಮತ್ತು ಹತ್ತಿಗಿರಣಿಗಳಲ್ಲಿ ದುಡಿದ ಕ್ಯಾಥೊಲಿಕ್ ಕುಟುಂಬಗಳು ಸ್ಕೋಲ್ಸ್ ಬಡಾವಣೆಯಲ್ಲಿ ನೆಲೆಸಿದವು. ಚರ್ಚಿನ ಹೆಸರೇ ಕ್ಲಬ್ಬಿನ ಹೆಸರಾಯಿತು. ಮೈದಾನ ಕ್ಲಾರಿಂಗ್ಟನ್ ಪಾರ್ಕ್. ಊರಿನವರಿಗೆ ಅದು ‘ಸೇಂಟ್ ಪ್ಯಾಟ್ಸ್’.

ಈ ಕ್ಲಬ್ಬಿನ ಚರಿತ್ರೆಯನ್ನು ಬರೀ ಗೆದ್ದ ಕಪ್‌ಗಳಿಂದ ಅಳೆಯುವುದು ಸರಿಯಲ್ಲ, ಯಾರನ್ನು ಬೆಳೆಸಿ ಕಳಿಸಿತು ಎಂದು ನೋಡಬೇಕು. ಜೋ ಲೈಡನ್, ಆಂಡಿ ಗ್ರೆಗರಿ, ಶಾನ್ ಎಡ್ವರ್ಡ್ಸ್ ಮೂವರೂ ಇಲ್ಲಿಂದ ಹೋದವರು. ಎಡ್ವರ್ಡ್ಸ್ ಅವರನ್ನು 1983ರ ಅಕ್ಟೋಬರ್‌ನಲ್ಲಿ, 17 ತುಂಬಿದ ದಿನವೇ ವಿಗನ್‌ನ ದೊಡ್ಡ ಕ್ಲಬ್ 35,000 ಪೌಂಡ್ ಕೊಟ್ಟು ಸೇರಿಸಿಕೊಂಡಿತು. ಶಾಲೆ ಮುಗಿಸಿದ ಹುಡುಗನಿಗೆ ಅಷ್ಟು ದುಡ್ಡು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಮುಂದೆ ಅವರು ವಿಗನ್ ಪರ ಲೀಗ್ ಆಟದ ದೊಡ್ಡ ನಾಕೌಟ್ ಟೂರ್ನಿಯಾದ ಚಾಲೆಂಜ್ ಕಪ್ಪಿನ 9 ಫೈನಲ್ ಗೆದ್ದರು. ಇಂಥ ಹುಡುಗನನ್ನು ಎಂಟು ಹತ್ತು ವರ್ಷ ಚಳಿ ಮಳೆಯಲ್ಲಿ ತಯಾರು ಮಾಡುವವರು ಸಂಬಳವಿಲ್ಲದ ತರಬೇತುದಾರರು. ಹೆಸರು ಬರುವುದು ದೊಡ್ಡ ಕ್ಲಬ್‌ಗೆ. ಈ ಅಸಮತೋಲ ಹವ್ಯಾಸಿ ಆಟದ ಹಳೆಯ ನೋವು, ಇವತ್ತಿಗೂ ಹೋಗಿಲ್ಲ.

ಪೆಟ್ಟಿನ ವಿಷಯ. ಚಿಕ್ಕ ಮಕ್ಕಳಿಗೆ ಹಿರಿಯರ ನಿಯಮದ ಆಟ ಆಡಿಸುವುದಿಲ್ಲ, ವಯಸ್ಸಿಗೆ ತಕ್ಕಂತೆ ಮೈದಾನ, ಆಟಗಾರರ ಸಂಖ್ಯೆ ಎರಡೂ ಕಡಿಮೆ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಅಂದು ಮತ್ತೆ ಆಡಿಸಕೂಡದು. ಬ್ರಿಟನ್ನಿನಲ್ಲಿ 2023ರಲ್ಲಿ ಬಂದ ಮಾರ್ಗಸೂಚಿ ಪ್ರಕಾರ ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಸ್ಪರ್ಧೆಗೆ ಮರಳುವುದು 21 ದಿನಕ್ಕೂ ಮೊದಲು ಬೇಡ. ಹಲ್ಲಿಗೆ ಗಾರ್ಡ್ ಹಾಕಿಸಿ. ಸೇರಿಸುವ ಮುಂಚೆ ಪ್ರಥಮ ಚಿಕಿತ್ಸೆ ತಿಳಿದವರು ಪ್ರತಿ ಅಭ್ಯಾಸಕ್ಕೂ ಇರುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ. ಒಳ್ಳೆಯ ಕ್ಲಬ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಲೀಡ್ಸ್‌ನಿಂದ: ನಮ್ಮ ಬಡಾವಣೆಯ ಕ್ಲಬ್‌ನವರು ತಮ್ಮ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಒಂದು ಪೆಟ್ಟಿಗೆ ತುಂಬ ಹಳೇ ಫೋಟೋ, ಪೇಪರ್ ತುಣುಕುಗಳಿವೆ. ಎಲ್ಲಿಂದ ಶುರು ಮಾಡಲಿ?

ಶುರು ಮಾಡಬೇಕಾದ್ದು ಪೆಟ್ಟಿಗೆಯಿಂದಲ್ಲ, ಕ್ಲಬ್ಬಿನ ಸಭೆಯ ನಡಾವಳಿ ಪುಸ್ತಕದಿಂದ. ಅದು ಇದ್ದರೆ ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಕಾರ್ಯದರ್ಶಿ ಬದಲಾದಾಗ ಕಳೆಯುವುದು ಮೊದಲು ಈ ಪುಸ್ತಕವೇ. ನಂತರ ಒಂದು ನೋಟ್‌ಬುಕ್ಕಿನಲ್ಲಿ ಋತುವಿಗೆ ಒಂದು ಪುಟ ಬಿಡಿ. ವರ್ಷಕ್ಕಲ್ಲ, ಋತುವಿಗೆ. ಹಳೆಯ ಆಟ ಚಳಿಗಾಲದ್ದು, ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ ಮುಗಿಯುತ್ತಿತ್ತು. ‘1951ರಲ್ಲಿ ಕಪ್ ಗೆದ್ದರು’ ಎಂದು ಒಬ್ಬರು, ‘1950ರಲ್ಲಿ’ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರೂ 1950-51ರ ಮಾತನ್ನೇ ಆಡುತ್ತಿರಬಹುದು.

ಫೋಟೋದ ಕಾಲ ಹಿಡಿಯುವುದಕ್ಕೆ ಮೊದಲು ನಾಯಕನ ಕಾಲ ಬಳಿ ಅಥವಾ ತೊಡೆಯ ಮೇಲಿರುವ ಚೆಂಡು ನೋಡಿ. ಹಳೆಯ ತಂಡದ ಚಿತ್ರಗಳಲ್ಲಿ ಚೆಂಡಿನ ಮೇಲೆ ಬಿಳಿಯಲ್ಲಿ ಋತುವನ್ನು ಬರೆದಿಡುವ ರೂಢಿಯಿತ್ತು. ಭೂತಗನ್ನಡಿ ಹಿಡಿದರೆ ‘1908-9’ ಎಂಬಂಥದ್ದು ಕಾಣಬಹುದು. ಚೆಂಡಿನ ಮೇಲೆ ಏನೂ ಇಲ್ಲದಿದ್ದರೆ ಜರ್ಸಿ ತೊಟ್ಟವರನ್ನು ಎಣಿಸಿ. 15 ಜನರಿದ್ದರೆ 1906ಕ್ಕೆ ಹಿಂದಿನದು ಇರಬಹುದು. ಇರಬಹುದು ಅಷ್ಟೇ, ಯಾಕೆಂದರೆ ಆಡದ ಹೆಚ್ಚುವರಿ ಆಟಗಾರರೂ ಜರ್ಸಿ ತೊಟ್ಟು ಕೂರುತ್ತಿದ್ದರು. ಹ್ಯಾಟು, ಕೋಟು ಹಾಕಿದವರು ಸಮಿತಿಯವರು, ಅವರನ್ನು ಎಣಿಕೆಗೆ ಸೇರಿಸಬೇಡಿ. ಪೂರ್ತಿ 13 ಜನ ಮಾತ್ರ ಇದ್ದರೆ 1906ರ ನಂತರದ್ದು ಎನ್ನಲು ಹೆಚ್ಚು ಬಲ ಸಿಗುತ್ತದೆ. ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ವಿಳಾಸವಿದ್ದರೆ, ಆ ಸ್ಟುಡಿಯೋ ಆ ಬೀದಿಯಲ್ಲಿ ಯಾವ ವರ್ಷಗಳಲ್ಲಿತ್ತು ಎಂದು ಊರಿನ ಹಳೇ ಡೈರೆಕ್ಟರಿಯಲ್ಲಿ ನೋಡಬಹುದು.

ಸ್ಕೋರ್‌ಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅಂಕಗಳ ಬೆಲೆ ಕಾಲಕಾಲಕ್ಕೆ ಬದಲಾಗಿದೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು ಟ್ರೈ, ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲೆ ಹಾಯುವಂತೆ ಒದೆಯುವುದು ಗೋಲು. 1897ರಿಂದ ಟ್ರೈಗೆ 3, ಯಾವುದೇ ಗೋಲಿಗೆ 2. 1974ರಿಂದ ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವ ಡ್ರಾಪ್ ಗೋಲಿಗೆ 1. 1983ರಿಂದ ಟ್ರೈಗೆ 4. ಮೂರು ಟ್ರೈ, ಅದರ ಮೇಲೆ ಎರಡು ಗೋಲು, ಒಂದು ಡ್ರಾಪ್ ಗೋಲು ಹೊಡೆದ ತಂಡಕ್ಕೆ 1950ರಲ್ಲಿ 15 ಅಂಕ, 1975ರಲ್ಲಿ 14, 1984ರಲ್ಲಿ 17. ಆಟ ಅದೇ, ಅಂಕ ಬೇರೆ. ಹಾಗಾಗಿ ‘ಕ್ಲಬ್ಬಿನ ಅತಿ ಹೆಚ್ಚು ಅಂಕದ ಗೆಲುವು’ ಎಂಬ ಪಟ್ಟಿ ಮಾಡುವುದಾದರೆ 1983ರ ಹಿಂದಿನದಕ್ಕೆ ಒಂದು, ಮುಂದಿನದಕ್ಕೆ ಒಂದು ಎಂದು ಬೇರೆಯಾಗಿಯೇ ಮಾಡಿ, ಟ್ರೈಗಳ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ. ಒಡಕಿಗೂ ಹಿಂದಿನ, 1870ರ ದಶಕದ ವರದಿಗಳಲ್ಲಿ ಅಂಕಗಳೇ ಇರುವುದಿಲ್ಲ. ‘ಒಂದು ಗೋಲು, ಎರಡು ಟ್ರೈ, ಎದುರಾಳಿಗೆ ಏನಿಲ್ಲ’ ಎಂಬ ರೀತಿ ಇರುತ್ತದೆ. ಅದನ್ನು ಅಂಕಕ್ಕೆ ಪರಿವರ್ತಿಸಲು ಹೋಗಬೇಡಿ, ಇದ್ದಂತೆಯೇ ಬರೆಯಿರಿ.

ದೊಡ್ಡ ಗೆಲುವುಗಳನ್ನು ಎರಡು ಸಲ ಪರೀಕ್ಷಿಸಿ. 1977ರಲ್ಲಿ ಹಲ್ ನಗರದ ಕಾವುಡ್ಸ್ ಎಂಬ ಹವ್ಯಾಸಿ ತಂಡ ನಾಕೌಟ್ ಪಂದ್ಯದಲ್ಲಿ ವೃತ್ತಿಪರ ಹ್ಯಾಲಿಫ್ಯಾಕ್ಸ್ ತಂಡವನ್ನು 9-8ರಿಂದ ಸೋಲಿಸಿತು. ಅದು ನೇರ ಗೆಲುವು, ತಂಡ ಮುಂದಿನ ಸುತ್ತಿಗೆ ಹೋಯಿತು. ಆದರೆ 1948ರಲ್ಲಿ ಕಂಬರ್ಲೆಂಡಿನ ರೈಸ್‌ಹೌ ಆ್ಯಂಡ್ ಗಿಲ್‌ಹೆಡ್ ತಂಡ ಕೀತ್ಲಿಯನ್ನು 10-2ರಿಂದ ಸೋಲಿಸಿಯೂ ಮುಂದೆ ಹೋಗಲಿಲ್ಲ. ಆಗ ಚಾಲೆಂಜ್ ಕಪ್ಪಿನ ಮೊದಲ ಸುತ್ತಿನಲ್ಲಿ ಎರಡು ಪಂದ್ಯ ಆಡಿಸಿ ಮೊತ್ತ ಕೂಡುತ್ತಿದ್ದರು, ಮೊತ್ತದಲ್ಲಿ ಕೀತ್ಲಿ ಮುಂದಿತ್ತು. ಪೆಟ್ಟಿಗೆಯಲ್ಲಿ ಆ ಒಂದೇ ತುಣುಕು ಸಿಕ್ಕಿದ್ದರೆ ಯಾರಾದರೂ ‘ಕೀತ್ಲಿಯನ್ನು ಹೊರಹಾಕಿದರು’ ಎಂದೇ ಬರೆಯುತ್ತಿದ್ದರು.

ಹೆಸರುಗಳಲ್ಲೂ ಒಂದು ಬಲೆ ಇದೆ. ಪತ್ರಿಕೆಯ ತಂಡದ ಪಟ್ಟಿಯಲ್ಲಿ ‘ಎ. ಎನ್. ಅದರ್’ ಎಂಬ ಆಟಗಾರ ಮತ್ತೆ ಮತ್ತೆ ಕಂಡರೆ ಅವನಿಗೆ ಅಧ್ಯಾಯ ಮೀಸಲಿಡಬೇಡಿ. ಅದು ‘ಇನ್ನೊಬ್ಬ’ ಎಂಬ ಅರ್ಥದ ಇಂಗ್ಲಿಷ್ ಪದ, ಹೆಸರು ಹೇಳಲಾಗದವನಿಗೆ ಇಟ್ಟ ಮರೆ. ಯೂನಿಯನ್‌ನಿಂದ ಗುಟ್ಟಾಗಿ ಪರೀಕ್ಷೆಗೆ ಬಂದವನ ಹೆಸರು ಹೊರಬಿದ್ದರೆ ಅಲ್ಲಿ ಜೀವನಪೂರ್ತಿ ಬಾಗಿಲು ಮುಚ್ಚುತ್ತಿತ್ತು, ಹಾಗಾಗಿ ಈ ಉಪಾಯ.

ಎರಡು ಮಹಾಯುದ್ಧಗಳ ಕಾಲದಲ್ಲಿ ದಾಖಲೆ ಖಾಲಿ ಬಿದ್ದರೆ ಗಾಬರಿ ಬೇಡ, ಎಷ್ಟೋ ತಂಡಗಳು ಆಡಲೇ ಇಲ್ಲ. ಆ ಖಾಲಿ ಪುಟವನ್ನು ಖಾಲಿಯಾಗಿಯೇ ತೋರಿಸಿ. ಕ್ಲಬ್ ಆ ವರ್ಷಗಳಲ್ಲಿ ಮುಚ್ಚಿ ಬೇರೆ ಜನರಿಂದ ಮತ್ತೆ ತೆರೆದದ್ದಾದರೆ ಅದನ್ನೂ ಬರೆಯಬೇಕು. ಸ್ಥಾಪನೆಯ ವರ್ಷ ಹಿಂದಕ್ಕೆ ಎಳೆಯುವ ಆಸೆಯಲ್ಲಿ ಇಂಥ ಕಡಿತವನ್ನು ಮುಚ್ಚಿಡುವುದನ್ನು ನಾವು ಒಪ್ಪುವುದಿಲ್ಲ. ಯುದ್ಧದಲ್ಲಿ ಸತ್ತವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯೊಂದಿಗೆ ತಾಳೆ ನೋಡಿ, ಚರ್ಚಿನ ಕಲ್ಲಿನ ಮೇಲಿನ ಹೆಸರುಗಳೊಂದಿಗೂ ನೋಡಿ.

ದಾಖಲೆಗೆ ನಿಮಗೆ ಹತ್ತಿರದ ಜಾಗ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದ ಹೆರಿಟೇಜ್ ಕೀ. ರಗ್ಬಿ ಲೀಗ್‌ನ ಹಳೆಯ ಕಡತಗಳು ಅಲ್ಲಿವೆ. ಮುಂಚೆ ತಿಳಿಸಿ ಹೋಗಿ, ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ. ಹವ್ಯಾಸಿ ಪಂದ್ಯಗಳ ಫಲಿತಾಂಶಕ್ಕೆ ರಾಷ್ಟ್ರೀಯ ಪತ್ರಿಕೆಗಳಲ್ಲಿ ಹುಡುಕುವುದು ವ್ಯರ್ಥ. ಶನಿವಾರ ಸಂಜೆಯೇ ಬಣ್ಣದ ಕಾಗದದಲ್ಲಿ ಅಚ್ಚಾಗುತ್ತಿದ್ದ ಊರೂರಿನ ಕ್ರೀಡಾ ಪತ್ರಿಕೆಗಳನ್ನೂ, ವಾರಪತ್ರಿಕೆಗಳನ್ನೂ ನೋಡಿ. ಅವಸರದಲ್ಲಿ ಅಚ್ಚಾದ ಶನಿವಾರದ ಸ್ಕೋರಿಗಿಂತ ಆಮೇಲೆ ಬಂದ ವಾರಪತ್ರಿಕೆಯ ಸ್ಕೋರನ್ನು ಹೆಚ್ಚು ನಂಬಬಹುದು.

ದಾವಣಗೆರೆಯಿಂದ: ಚಳಿಗಾಲದ ಆಟ ಬೇಸಿಗೆಗೆ ಯಾಕೆ ಬಂತು?

ಕೆಸರಿನಿಂದ. ದೊಡ್ಡ ಕ್ಲಬ್‌ಗಳು 1996ರಲ್ಲೇ ಬೇಸಿಗೆಗೆ ಹೋದವು, ಅದಕ್ಕೆ ಟೆಲಿವಿಷನ್ ದುಡ್ಡು ಕಾರಣ. ನ್ಯಾಷನಲ್ ಕಾನ್ಫರೆನ್ಸ್ ಲೀಗ್ 2012ರಲ್ಲಿ ಬದಲಾಯಿತು. ಡಿಸೆಂಬರ್, ಜನವರಿಯಲ್ಲಿ ಮೈದಾನ ಹೆಪ್ಪುಗಟ್ಟಿ ಇಲ್ಲವೇ ನೀರು ನಿಂತು ಪಂದ್ಯಗಳು ಮುಂದೆ ಹೋಗುತ್ತಿದ್ದವು, ಋತುವಿನ ಕೊನೆಗೆ ವಾರಕ್ಕೆ ಎರಡು ಮೂರು ಪಂದ್ಯ ಆಡಬೇಕಾಗುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹವ್ಯಾಸಿಗೆ ಅದು ಆಗದ ಮಾತು. ಬೇಸಿಗೆಗೆ ಬಂದ ಮೇಲೆ ಬೇರೆ ತೊಂದರೆ: ನೆಲ ಗಟ್ಟಿ, ಬಿದ್ದರೆ ಮೊಣಕಾಲು ಮೊಣಕೈ ತರಚುತ್ತದೆ, ಆಗಸ್ಟ್‌ನಲ್ಲಿ ಅರ್ಧ ತಂಡ ರಜೆಗೆ ಹೋಗುತ್ತದೆ.

ಕೊಡಗಿನಿಂದ: ನಮ್ಮ ಹಾಕಿ ಮೈದಾನದಲ್ಲಿ ರಗ್ಬಿ ಲೀಗ್ ಆಡಿಸಬಹುದೇ? ಗುರುತು ಹಾಕುವುದು ಹೇಗೆ?

ಹಿರಿಯರ ಪೂರ್ತಿ ಆಟಕ್ಕೆ ಸಾಲದು. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಲೀಗ್‌ಗೆ ಗೆರೆಯಿಂದ ಗೆರೆಗೆ 100 ಮೀಟರ್, ಅಗಲ ಹೆಚ್ಚೆಂದರೆ 68. ಗೆರೆಯ ಹಿಂದೆ ಎರಡೂ ಕಡೆ 6ರಿಂದ 11 ಮೀಟರ್ ಟ್ರೈ ಜಾಗ ಬೇರೆ ಬೇಕು. ಮಕ್ಕಳ ಆಟಕ್ಕೆ, ಮುಟ್ಟಾಟದ ರಗ್ಬಿಗೆ ನಿಮ್ಮ ಮೈದಾನ ಧಾರಾಳ ಸಾಕು.

ದೊಡ್ಡ ಬಯಲು ಸಿಕ್ಕರೆ ಹೀಗೆ ಮಾಡಿ. ಒಂದು ಮೂಲೆಗೆ ಗೂಟ ಹೊಡೆದು, ಒಂದು ಬದಿಗೆ 30 ಮೀಟರ್, ಇನ್ನೊಂದು ಬದಿಗೆ 40 ಮೀಟರ್ ಅಳೆಯಿರಿ. ಆ ಎರಡು ತುದಿಗಳ ನಡುವೆ ಸರಿಯಾಗಿ 50 ಮೀಟರ್ ಬಂದರೆ ಮೂಲೆ ಮಟ್ಟವಾಗಿದೆ. ಗಾರೆ ಕೆಲಸದವರು ಪಾಯ ಗುರುತು ಹಾಕುವ ಲೆಕ್ಕವೇ ಇದು. ನಾಲ್ಕೂ ಗೂಟ ಆದ ಮೇಲೆ ಕರ್ಣಗಳನ್ನು ಅಳೆಯಿರಿ. 100 ಮತ್ತು 68ರ ಮೈದಾನಕ್ಕೆ ಎರಡೂ ಕರ್ಣ 120 ಮೀಟರ್ 93 ಸೆಂಟಿಮೀಟರ್ ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಮೈದಾನ ಓರೆಯಾಗಿದೆ. ಅಡ್ಡಗೆರೆ ಪ್ರತಿ 10 ಮೀಟರ್‌ಗೆ ಒಂದು. ಗೋಲು ಕಂಬಗಳು ಟ್ರೈ ಗೆರೆಯ ಮೇಲೆಯೇ ನಿಲ್ಲಬೇಕು, ನಡುವೆ 5.5 ಮೀಟರ್, ಅಡ್ಡಪಟ್ಟಿ ನೆಲದಿಂದ 3 ಮೀಟರ್. ಓಡಿಬಂದವರು ಕಂಬಕ್ಕೇ ಬಡಿಯುವುದರಿಂದ ಬುಡದಿಂದ 2 ಮೀಟರ್ ಎತ್ತರದ ತನಕ ದಪ್ಪ ಫೋಮ್ ಸುತ್ತಿ ಕಟ್ಟಿ.

ಗೆರೆ ಎಳೆಯಲು ಮನೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ವಾಲಿಬಾಲ್ ಅಂಕಣಕ್ಕೆ ಸುಣ್ಣ ಹಾಕಿ ರೂಢಿಯಿದ್ದವರಿಗೆ ಇದು ಅತಿ ಎನ್ನಿಸಬಹುದು. ಆದರೆ ಈ ಆಟದಲ್ಲಿ ಮುಖ, ಮೊಣಕೈ, ತೊಡೆ ಗೆರೆಯ ಮೇಲೆ ಉಜ್ಜುತ್ತವೆ. ಒದ್ದೆ ಸುಣ್ಣ ತರಚಿದ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸೀಮೆಸುಣ್ಣದ ಪುಡಿ ಅಥವಾ ನೀರಿನಲ್ಲಿ ಕರಗುವ ಮೈದಾನದ ಬಣ್ಣ ಬಳಸಿ. ಮಳೆಗೆ ಬೇಗ ಅಳಿಯುತ್ತದೆ, ಪಂದ್ಯದ ದಿನ ಬೆಳಿಗ್ಗೆ ಇನ್ನೊಮ್ಮೆ ಎಳೆಯಬೇಕಾಗುತ್ತದೆ.